ಸಾಕು ಎಂಬ ಮಾತು

ಮೂರು ವರ್ಷಗಳ ಹಿಂದೆ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ಸಾಯಂಕಾಲ, ಇಂದಿರಾನಗರದ ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಒಂಬತ್ತು ವರ್ಷದ ನನ್ನ ಮೊಮ್ಮಗಳು ಕೇಳಿದ ಪ್ರಶ್ನೆ ಕಿವಿಗೆ ಬಹಳ ಸಣ್ಣದಾಗಿತ್ತು. ಹುಟ್ಟುಹಬ್ಬಕ್ಕೆ ಒಂದು ಪ್ರಾಣಿಯನ್ನು ತಂದುಕೊಡುವುದಾಗಿ ಅವಳ ತಂದೆ ಮಾತು ಕೊಟ್ಟಿದ್ದ. ನಾಯಿಗೆ ಬೇಕಾಗುವಷ್ಟು ಅಂಗಳ ನಮ್ಮಲ್ಲಿಲ್ಲವೆಂದೂ, ಬೆಕ್ಕು ಅವಳ ಅಜ್ಜಿಗೆ ಒಗ್ಗದೆಂದೂ ತೀರ್ಮಾನವಾಗಿ, ಕಡೆಗೆ ಉಳಿದದ್ದು ಎರಡೇ: ಮೊಲ, ಇಲ್ಲವೆ ಗಿನಿಪಿಗ್. "ತಾತ, ಯಾವ್ದು ತರೋಣ? ನೀನೇ ಹೇಳು" ಎಂದಳು.

ಅವಳು ಕೇಳಿದ್ದು ಬಿಳಿಯದೋ ಕಂದೋ, ದೊಡ್ಡದೋ ಸಣ್ಣದೋ ಎಂದು ಅಂಗಡಿಯ ಮುಂದೆ ನಿಂತು ಯಾರಾದರೂ ಕೇಳಬಹುದಾದ ಪ್ರಶ್ನೆ. ಆದರೆ ಎರಡು ಜೀವಗಳನ್ನು ಎದುರಿಗಿರಿಸಿಕೊಂಡು, ಇದು ನನಗಿರಲಿ, ಅದು ಬೇಡ, ಎಂದು ಹೇಳುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಪ್ರಾಪ್ತವಾಯಿತು, ಪ್ರಾಪ್ತವಾಗಿದ್ದರೆ ಅದರೊಡನೆ ಬಂದ ಋಣವೇನು, ಎಂಬ ಮತ್ತೊಂದು ಪ್ರಶ್ನೆ ಅದರ ಬೆನ್ನಿಗೆ ಅಂಟಿಕೊಂಡು ಬಂದು ನನ್ನನ್ನು ಕಾಡತೊಡಗಿತು, ಇಂದಿಗೂ ಬಿಟ್ಟಿಲ್ಲ. ಆ ಸಾಯಂಕಾಲ ನಾನು ಅವಳಿಗೆ ಉತ್ತರ ಹೇಳಲಿಲ್ಲ. ಎರಡು ದಿನ ತಾಳು ಎಂದೆ.

ನಮ್ಮ ಭಾಷೆಯಲ್ಲಿ 'ಸಾಕು' ಎಂಬ ಶಬ್ದ ಎರಡು ಕೆಲಸಗಳನ್ನು ಮಾಡುತ್ತದೆ. ಮಗುವನ್ನು ಸಾಕುತ್ತೇವೆ, ಹಸುವನ್ನು ಸಾಕುತ್ತೇವೆ, ಮುಪ್ಪಿನ ತಂದೆತಾಯಿಗಳನ್ನು ಸಾಕುತ್ತೇವೆ, ಇದು ಒಂದು. ಪಂಕ್ತಿಯಲ್ಲಿ ಕುಳಿತವನು ಎಲೆಗೆ ಕೈಯಡ್ಡ ಹಿಡಿದು 'ಸಾಕು' ಎನ್ನುತ್ತಾನೆ; ಇದು ಇನ್ನೊಂದು. ಇವೆರಡರ ಧಾತು ಒಂದೇ ಎಂದು ಸಾಧಿಸುವ ಪಾಂಡಿತ್ಯವಾಗಲಿ ಹಂಬಲವಾಗಲಿ ನನಗಿಲ್ಲ. ನಿಘಂಟಿನಲ್ಲಿ ಅವು ಬೇರೆಬೇರೆ ಮನೆಗಳಲ್ಲಿದ್ದರೂ ಕನ್ನಡಿಗನ ನಾಲಗೆಯ ಮೇಲೆ ಒಂದೇ ಸೂರಿನ ಕೆಳಗೆ ವಾಸವಾಗಿವೆ, ಮತ್ತು ಹಾಗೆ ವಾಸವಾಗಿರುವುದು ನನ್ನ ಮಟ್ಟಿಗೆ ಬರಿಯ ಆಕಸ್ಮಿಕವಾಗಿ ತೋರುವುದಿಲ್ಲ. ಒಂದು ಜೀವವನ್ನು ಸಾಕುವುದೆಂದರೆ, ಅದಕ್ಕೆ ಬಾಯಿ ಬಂದಿದ್ದ ಪಕ್ಷದಲ್ಲಿ ಅದು 'ಸಾಕು' ಎಂದು ಹೇಳಬಹುದಾಗಿದ್ದ ಸ್ಥಿತಿಯಲ್ಲಿ ಅದನ್ನು ಇರಿಸುವುದು: ಹೊಟ್ಟೆಗೆ ಸಾಕು, ಓಟಕ್ಕೆ ಸಾಕು, ಜೊತೆಗೆ ಸಾಕು, ಭಯವಿಲ್ಲದ ನಿದ್ರೆಗೆ ಸಾಕು. ಪ್ರಾಣಿಯನ್ನು ತರಲು ಹೊರಟಾಗ ನಮ್ಮ ತುಟಿಯ ಮೇಲಿರುವ ಮಾತಾದರೋ 'ಬೇಕು' ಎಂಬುದು. ನಮಗೆ ಯಾವುದು ಬೇಕು ಎಂದು ಕೇಳುತ್ತ ಕುಳಿತಿರುವ ತನಕ ಮೊಲಕ್ಕೂ ಗಿನಿಪಿಗ್ಗಿಗೂ ನಡುವೆ ತೂಗುವುದಕ್ಕೆ ಕಣ್ಣಿನ ಬಣ್ಣ, ಕಿವಿಯ ಉದ್ದ, ಬೆಲೆ ಇವಲ್ಲದೆ ಬೇರೆ ತೂಕಗಳೇ ದೊರೆಯವು. ಯಾವ ಪ್ರಾಣಿಗೆ ನಮ್ಮ ಮನೆ ಸಾಕು ಎಂದು ಕೇಳಿದೊಡನೆ ತಕ್ಕಡಿ ಬೇರೆಯಾಗುತ್ತದೆ. ನಾನು ಮಗುವಿಗೆ ಮೊದಲು ಹೇಳಿಕೊಟ್ಟದ್ದು ಇದನ್ನೇ. ಅವಳು ಈ ಶಬ್ದದ ಆಟದಿಂದ ಬಹಳ ಸಂತೋಷಪಟ್ಟು, ಅಡಿಗೆಮನೆಗೆ ಓಡಿಹೋಗಿ ಅಜ್ಜಿಗೂ ಹೇಳಿದಳು.

ಆ ತಕ್ಕಡಿಯಲ್ಲಿ ತೂಗಿ ನೋಡೋಣ. ಮೊಲ ನೋಡುವುದಕ್ಕೆ ಮೃದು, ಮುಟ್ಟುವುದಕ್ಕೆ ಇನ್ನೂ ಮೃದು; ಅದರಿಂದಲೇ ಮಕ್ಕಳೆಲ್ಲ ಅದನ್ನು ಎತ್ತಿಕೊಳ್ಳಬಯಸುವರು, ಮತ್ತು ಎತ್ತಿಕೊಳ್ಳುವುದೊಂದನ್ನೇ ಅದು ಸಹಿಸದು. ಅಸಂಖ್ಯಾತ ತಲೆಮಾರುಗಳಿಂದ ಅದರ ರಕ್ತದಲ್ಲಿ ಇಳಿದುಬಂದಿರುವ ತಿಳಿವಳಿಕೆ ಇಷ್ಟೆ: ನೆಲದಿಂದ ನನ್ನನ್ನು ಮೇಲೆತ್ತಿದ್ದು ಹದ್ದು, ಅಥವಾ ನರಿ. ಪ್ರೀತಿಯ ಕೈಗಳಲ್ಲಿಯೂ ಅದು ಹದ್ದಿನ ಉಗುರನ್ನೇ ಕಂಡು, ಹಿಂಗಾಲುಗಳನ್ನು ಬಲವಾಗಿ ಝಾಡಿಸಿ, ಒಮ್ಮೊಮ್ಮೆ ತನ್ನ ಒದೆತದ ರಭಸಕ್ಕೆ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವುದುಂಟು. ಅದಕ್ಕೆ ಓಡುವುದಕ್ಕೆ ಸ್ಥಳ ಬೇಕು, ನೆಲ ಕೆರೆಯುವುದಕ್ಕೆ ಅವಕಾಶ ಬೇಕು, ತಣ್ಣನೆಯ ನೆರಳು ಬೇಕು. ಅದಕ್ಕೆ ಬೆವರುವ ಶಕ್ತಿಯಿಲ್ಲ, ಮೈಯ ಕಾವನ್ನು ಕಿವಿಗಳಿಂದಲೇ ಹೊರಹಾಕಬೇಕು, ಉಷ್ಣತೆ 30 ಡಿಗ್ರಿಯನ್ನು ದಾಟಿದರೆ ಅದರ ಪ್ರಾಣಕ್ಕೆ ಸಂಕಟ. ನಾನು ಹುಡುಗನಾಗಿದ್ದಾಗಿನ ಬೆಂಗಳೂರು ಈ ವಿಷಯದಲ್ಲಿ ಅದಕ್ಕೆ ಒದಗಿಬರುತ್ತಿತ್ತೇನೋ. ಮರಗಳ ಸ್ಥಳದಲ್ಲಿ ಗಾಜಿನ ಕಟ್ಟಡಗಳು ನಿಂತಿರುವ ನೂರಡಿ ರಸ್ತೆಯ ಆಸುಪಾಸಿನ ಈಗಿನ ಏಪ್ರಿಲ್ ತಿಂಗಳಲ್ಲಿ, ಮಹಡಿಯ ಮೇಲೆ ಸಿಮೆಂಟಿನ ತಾರಸಿಗೆ ತಾಗಿದ ಕೋಣೆಯಲ್ಲಿ, ಒದಗದು. ಮೇಲಾಗಿ ಮೊಲದ ಆಯುಸ್ಸು 8, 10 ವರ್ಷ. ಒಂಬತ್ತರ ಹುಡುಗಿ ಮಾಡುವ ವಾಗ್ದಾನವನ್ನು ಹತ್ತೊಂಬತ್ತರ ಯುವತಿ ನಡೆಸಬೇಕು, ಅಷ್ಟು ಹೊತ್ತಿಗೆ ಅವಳು ಯಾವ ಊರಿನ ಯಾವ ಹಾಸ್ಟೆಲಿನಲ್ಲಿರುವಳೋ ಬಲ್ಲವರಾರು.

ಗಿನಿಪಿಗ್ಗಿನ ಆಯುಸ್ಸು 5ರಿಂದ 7 ವರ್ಷ, ತೂಕ ಒಂದು ಕಿಲೋಗ್ರಾಮಿನ ಆಚೀಚೆ. ಅದು ಗಿನಿ ದೇಶದ್ದಲ್ಲ, ಹಂದಿಯಂತೂ ಅಲ್ಲವೇ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಆಹಾರಕ್ಕಾಗಿ ಸಾಕಿಕೊಂಡು ಬಂದ ಪ್ರಾಣಿ. ಯೂರೋಪಿಯನ್ನರು ಅದಕ್ಕೆ ಇಟ್ಟ ತಪ್ಪು ಹೆಸರು ಸಮುದ್ರ ದಾಟಿ ಬಂದು ನಮ್ಮ ಪುಸ್ತಕಗಳಲ್ಲಿ 'ಗಿನಿಹಂದಿ' ಎಂದಾಗಿ ಕುಳಿತಿದೆ. ಅದು ಮೊಲದಷ್ಟು ಜಿಗಿಯದು, ಮನೆಯ ತಂತಿಗಳನ್ನು ಮೊಲದಷ್ಟು ಕಡಿಯದು, ತಿನ್ನುವ ಹೊತ್ತು ಬಂದೊಡನೆ ಸಿಳ್ಳು ಹಾಕಿ ಮನೆಯವರನ್ನೆಲ್ಲ ಕರೆಯುವುದು. ಆದರೆ ಅದು ಒಂಟಿಯಾಗಿ ಬದುಕಲಾರದು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದೀಚೆಗೆ ಒಂದೇ ಒಂದು ಗಿನಿಪಿಗ್ಗನ್ನು ಸಾಕುವುದು ಕಾನೂನಿಗೆ ವಿರುದ್ಧವೆಂಬುದನ್ನು ಓದಿದಾಗ, ಒಂಟಿತನವನ್ನು ಹಿಂಸೆಯೆಂದು ಶಾಸನದಲ್ಲಿ ಬರೆದ ಆ ಜನರಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ. ಇನ್ನೊಂದು ಸಂಗತಿ: ಬಹುಪಾಲು ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ 'ಸಿ'ಯನ್ನು ತಮ್ಮ ಶರೀರದಲ್ಲಿಯೇ ಉತ್ಪಾದಿಸಿಕೊಳ್ಳುವುವು, ಮನುಷ್ಯನಿಗೆ ಆ ಶಕ್ತಿಯಿಲ್ಲ, ಗಿನಿಪಿಗ್ಗಿಗೂ ಇಲ್ಲ. ದಿನದಿನವೂ ಹಸುರು ಸೊಪ್ಪು, ಸೀಬೆ, ದೊಣ್ಣೆಮೆಣಸಿನಕಾಯಿ ಇಂಥ ಯಾವುದನ್ನಾದರೂ ಹೊರಗಿನಿಂದ ಕೊಡದಿದ್ದರೆ ನಮ್ಮಂತೆಯೇ ಅದರ ವಸಡು ಸುರಿದು, ಕೀಲು ಬಾತು, ಅದು ಸಾಯುವುದು. ಈ ಸಣ್ಣ ಶಾರೀರಿಕ ಸಾಮ್ಯ ಅದರ ಕುಲಕ್ಕೆ ಎಂಥ ವಿಧಿಯನ್ನು ತಂದಿತೆಂಬುದನ್ನು ಮುಂದೆ ಹೇಳುವೆನು.

ಎರಡು ದಿನಗಳ ಅನಂತರ ಅವಳ ತಂದೆ ನಮ್ಮಿಬ್ಬರನ್ನೂ ಶಿವಾಜಿನಗರಕ್ಕೆ ಕರೆದುಕೊಂಡು ಹೋದ. ರಸೆಲ್ ಮಾರ್ಕೆಟ್ಟಿನ ಸುತ್ತಿನ ಬೀದಿಗಳು ನನಗೆ ಬಾಲ್ಯದಿಂದ ಪರಿಚಿತ. ಹಲಸೂರಿನಿಂದ ತಂದೆಯ ಕೈ ಹಿಡಿದು ನಡೆದುಹೋಗಿ, ಹಣ್ಣಿನ ರಾಶಿಗಳ ನಡುವೆ ಬಾಯಿ ತೆರೆದು ನಿಲ್ಲುತ್ತಿದ್ದವನು ನಾನು. ಪ್ರಾಣಿಪಕ್ಷಿಗಳನ್ನು ಮಾರುವ ಒಂದು ಓಣಿಯಲ್ಲಿ, ಹೆಸರು ಬೇಡ, ಒಂದು ಅಂಗಡಿಯ ಮುಂದೆ ನಿಂತೆವು. ಕೆಳಗಿನ ಪಂಜರದಲ್ಲಿ ಹತ್ತು ಹನ್ನೆರಡು ಮೊಲದ ಮರಿಗಳು, ಇನ್ನೂ ತಾಯಿಯ ಹಾಲು ಬಿಡುವ ವಯಸ್ಸಾಗದವು, ತಂತಿಯ ನೆಲದ ಮೇಲೆ ಒಂದರ ಮೇಲೊಂದು ಒತ್ತರಿಸಿ ಕುಳಿತಿದ್ದುವು. ಮೇಲಿನದರಲ್ಲಿ ಗಿನಿಪಿಗ್ಗುಗಳು ಮುಖವನ್ನು ಮೂಲೆಗೆ ಹೊರಳಿಸಿಕೊಂಡಿದ್ದುವು. ಯಾವೊಂದೂ ಅಲುಗಲಿಲ್ಲ. ಮಾರುವವನು ಅವು ಸಾಧು ಪ್ರಾಣಿಗಳೆಂದು ಹೊಗಳಿದ. ಬೇಟೆಗೆ ಗುರಿಯಾಗುವ ಪ್ರಾಣಿ ಅತಿಶಯ ಭೀತಿಯಲ್ಲಿ ಅಲುಗದೆ ಕುಳಿತುಬಿಡುತ್ತದೆಂಬುದನ್ನು ಅರಿಯದವರಿಗೆ ಆ ಭೀತಿಯೇ ಸಾಧುತ್ವವಾಗಿ ಕಾಣುವುದು ಸಹಜ. ಮಗು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ತಾತ, ಎಲ್ಲಾನೂ ತಗೊಂಡು ಹೋಗೋಣ" ಎಂದಳು. ಏನನ್ನೂ ಕೊಳ್ಳದೆ ಹಿಂದಿರುಗಿದೆವು. ಕಾರಿನಲ್ಲಿ ಅವಳು ಅತ್ತಳು.

ಆ ರಾತ್ರಿ ನನಗೆ ನೆನಪಾದವನು ನೇಮಿನಾಥ. ಮದುವೆಯ ದಿಬ್ಬಣದಲ್ಲಿ ರಥವೇರಿ ಹೋಗುತ್ತಿದ್ದ ಆ ಯದುಕುಲದ ರಾಜಕುಮಾರನ ಕಿವಿಗೆ ದಾರಿಯ ಪಕ್ಕದ ದೊಡ್ಡಿಯಿಂದ ಮೃಗಗಳ ಆಕ್ರಂದನ ಬೀಳುತ್ತದೆ. ಇವು ಏಕೆ ಕೂಡಿಹಾಕಲ್ಪಟ್ಟಿವೆಯೆಂದು ಕೇಳಿದಾಗ, ತನ್ನ ಮದುವೆಯ ಔತಣಕ್ಕಾಗಿ ಎಂದು ಸಾರಥಿ ಹೇಳುತ್ತಾನೆ. ರಥ ಹಿಂದಿರುಗುತ್ತದೆ, ಮದುವೆ ನಿಲ್ಲುತ್ತದೆ, ಕುಮಾರ ಆಭರಣಗಳನ್ನು ತೆಗೆದಿಟ್ಟು ಪರ್ವತವನ್ನೇರುತ್ತಾನೆ. ಹಳಗನ್ನಡದ ಕವಿಗಳಿಗೆ ಪ್ರಿಯವಾದ ಕಥೆಯಿದು. ನೇಮಿಚಂದ್ರನ ಕಾವ್ಯ ಪೂರ್ಣವಾಗದೆ ನಿಂತು 'ಅರ್ಧನೇಮಿ'ಯೆಂದೇ ಪ್ರಸಿದ್ಧವಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಚಾವುಂಡರಾಯ ಬಸದಿಯಲ್ಲಿ ಆ ತೀರ್ಥಂಕರನ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸು ಅವನ ತಪಸ್ಸಿಗಿಂತ ಹೆಚ್ಚಾಗಿ, ದಿಬ್ಬಣದ ವಾದ್ಯಗಳ ಗದ್ದಲದ ನಡುವೆ ಆ ದೊಡ್ಡಿಯ ಧ್ವನಿಯನ್ನು ಕೇಳಿಸಿಕೊಂಡ ಅವನ ಕಿವಿಯನ್ನು ಧ್ಯಾನಿಸುತ್ತದೆ. ಜೈನಾಚಾರ್ಯರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂದರೆ, ಗೃಹಸ್ಥನ ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸುವಾಗ, ಹೊಡೆಯುವುದಕ್ಕಿಂತ, ಅಂಗಚ್ಛೇದಕ್ಕಿಂತ, ಮಿತಿಮೀರಿದ ಹೊರೆ ಹೊರಿಸುವುದಕ್ಕಿಂತ, ಅನ್ನನೀರುಗಳನ್ನು ತಡೆಯುವುದಕ್ಕಿಂತ ಮೊದಲು ಇಟ್ಟಿರುವುದು ಬಂಧವನ್ನು. ಕಟ್ಟಿಹಾಕುವುದು, ಕೂಡಿಹಾಕುವುದು, ಅದೇ ಪ್ರಥಮ.

ಹಾಗಾದರೆ ಪಂಜರವೆಲ್ಲವೂ ಪಾಪವೆ? ಸುಲಭವಾಗಿ ಹೌದೆನ್ನಲು ನನಗೆ ಧೈರ್ಯವಿಲ್ಲ. ನಮ್ಮ ಬೀದಿಯಲ್ಲಿ ಬೆಕ್ಕುಗಳಿವೆ, ಹಲಸೂರು ಕೆರೆಯ ಮೇಲೆ ಸುತ್ತುವ ಹದ್ದುಗಳು ನಮ್ಮ ತಾರಸಿಯ ಮೇಲೂ ಸುತ್ತುತ್ತವೆ, ಚರಂಡಿಯಲ್ಲಿ ಹೆಗ್ಗಣಗಳಿವೆ. ಪಂಜರದ ಬಾಗಿಲನ್ನು ತೆರೆದು ಸ್ವಾತಂತ್ರ್ಯವನ್ನು ದಯಪಾಲಿಸಿದವನು ಆ ಪ್ರಾಣಿಗೆ ಒಂದು ರಾತ್ರಿಯ ಆಯುಸ್ಸನ್ನೂ ದಯಪಾಲಿಸಲಾರ. ಅವುಗಳ ಕಾಡು ಇಲ್ಲಿಲ್ಲ. ಅಂಗಡಿಯ ಮೊಲದ ಪೂರ್ವಜರು ಸ್ಪೇಯಿನ್, ಪೋರ್ಚುಗಲ್ ದೇಶಗಳ ಬಿಲಗಳಲ್ಲಿದ್ದವರು. ನಮ್ಮ ಕಾಡುಮೊಲಕ್ಕೂ ಅದಕ್ಕೂ ಹೆಸರು ಒಂದಾದರೂ ಕುಲ ಬೇರೆ. ನಮ್ಮದು ಬಿಲ ತೋಡದೆ ಬಯಲಿನ ಹುಲ್ಲಿನಲ್ಲಿಯೇ ಅಡಗುವುದು, ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲು ಹೊದ್ದಿರುವುದು. ಅಂಗಡಿಯ ಮೊಲದ ಮರಿಯಾದರೋ ಕುರುಡಾಗಿ, ಬತ್ತಲೆಯಾಗಿ ಹುಟ್ಟುವುದು. ಇಂದಿರಾನಗರ ಹುಟ್ಟುವುದಕ್ಕೆ ಮುಂಚೆ, ಬಿನ್ನಮಂಗಲ ದೂಪನಹಳ್ಳಿಗಳ ಹೊಲಗಳಲ್ಲಿ ಕಾಡುಮೊಲ ಚಿಮ್ಮಿ ಓಡಿದ್ದನ್ನು ತಾವು ಕಂಡುದಾಗಿ ನನ್ನ ತಂದೆ ಹೇಳುತ್ತಿದ್ದರು. ಆ ಹೊಲವೂ ಹೋಯಿತು, ಆ ಮೊಲವೂ ಹೋಯಿತು. ಆದಕಾರಣ ಪಂಜರದ ಧರ್ಮಾಧರ್ಮವನ್ನು ಬಾಗಿಲು ಮುಚ್ಚಿದೆಯೆ ತೆರೆದಿದೆಯೆ ಎಂಬುದರಿಂದ ನಿರ್ಣಯಿಸುವಂತಿಲ್ಲ. ಯಾರ ಸುಖಕ್ಕಾಗಿ ಮುಚ್ಚಿದೆ, ಒಳಗಿರುವ ಜೀವಕ್ಕೆ ಆ ಒಳಗು ಸಾಕೆ, ಎಂದು ಕೇಳಬೇಕು. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹಿಡಿದ ಹಟದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ, ಮೈಯಾಡಿಸುವುದಕ್ಕೆ ತಕ್ಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನು ಅಪರಾಧವೆಂದು ಸಾರಿದೆ. ಸೂತ್ರಕಾರನ 'ಬಂಧ'ವನ್ನೇ ಗಣರಾಜ್ಯದ ಶಾಸನ ಅಳತೆಯ ಭಾಷೆಯಲ್ಲಿ ಹೇಳಿದೆಯೆಂದು ನನ್ನ ಭಾವನೆ.

ಇಷ್ಟಾದರೂ ವೇದಾಂತಿಯ ಆಕ್ಷೇಪವೊಂದು ಉಳಿಯುತ್ತದೆ, ಮತ್ತು ಅದು ಹಗುರವಾದದ್ದಲ್ಲ. ಭಾಗವತದ ಐದನೆಯ ಸ್ಕಂಧದಲ್ಲಿ ಭರತರಾಜ ರಾಜ್ಯವನ್ನು ತೊರೆದು, ಮಡದಿ ಮಕ್ಕಳನ್ನು ತೊರೆದು, ಗಂಡಕೀ ತೀರದಲ್ಲಿ ತಪಸ್ಸಿಗೆ ಕುಳಿತವನು, ಸಿಂಹದ ಗರ್ಜನೆಗೆ ಬೆದರಿ ನದಿಯನ್ನು ಹಾರಿದ ಜಿಂಕೆ ಹೆತ್ತು ಸತ್ತಾಗ, ಪ್ರವಾಹದಲ್ಲಿ ತೇಲಿಹೋಗುತ್ತಿದ್ದ ಮರಿಯನ್ನು ಎತ್ತಿ ತಂದು ಸಾಕಿದ. ಸಾಮ್ರಾಜ್ಯವನ್ನು ಬಿಡಬಲ್ಲವನಾಗಿದ್ದವನು ಒಂದು ಮರಿಯನ್ನು ಬಿಡಲಾರದೆ, ಅದನ್ನೇ ನೆನೆಯುತ್ತ ಪ್ರಾಣ ಬಿಟ್ಟು, ಜಿಂಕೆಯಾಗಿಯೇ ಹುಟ್ಟಿದ. ಹರಿಕಥೆಗಳಲ್ಲಿ ಈ ಪ್ರಸಂಗವನ್ನು ಮಮತೆಯ ಕೇಡಿಗೆ ದೃಷ್ಟಾಂತವಾಗಿ ಹೇಳುವುದನ್ನು ನಾನು ಹಲಸೂರಿನ ಸೋಮೇಶ್ವರನ ಗುಡಿಯಲ್ಲಿ ಹುಡುಗನಾಗಿ ಕುಳಿತು ಅನೇಕ ಸಲ ಕೇಳಿದ್ದೇನೆ. ಆಗಲೂ ನನಗೆ ಒಪ್ಪಿಗೆಯಾಗಿರಲಿಲ್ಲ, ಈಗಲೂ ಆಗಿಲ್ಲ. ಮರಿಯನ್ನು ನೀರಿನಿಂದ ಎತ್ತದೆ ಜಪವನ್ನು ಮುಂದುವರಿಸಿದ್ದರೆ ಆ ಭರತ ಯಾವ ಮುಕ್ತಿಗೆ ಯೋಗ್ಯನಾಗುತ್ತಿದ್ದ? ಭಗವಾನ್ ರಮಣರಿಗಿಂತ ನಿರ್ಮಮರು ಈ ಕಾಲದಲ್ಲಿ ಯಾರಿದ್ದರು? ಅವರ ಆಶ್ರಮದಲ್ಲಿ ಲಕ್ಷ್ಮಿಯೆಂಬ ಹಸುವಿಗೆ, ವಳ್ಳಿಯೆಂಬ ಜಿಂಕೆಗೆ, ಒಂದು ನಾಯಿಗೆ, ಒಂದು ಕಾಗೆಗೆ ಸಮಾಧಿಗಳಿವೆ. 1948ರಲ್ಲಿ ಆ ಹಸು ಪ್ರಾಣ ಬಿಡುವಾಗ ಅವರು ಪಕ್ಕದಲ್ಲಿ ಕುಳಿತಿದ್ದರು. ಕಥೆಯನ್ನು ಮತ್ತೆ ಮತ್ತೆ ಮೆಲುಕು ಹಾಕಿದಾಗ ನನಗೆ ಕಂಡದ್ದು, ಪುರಾಣಿಕರು ಒತ್ತಿ ಹೇಳದ ಒಂದು ಅಂಶ: ಭರತ ಆರಿಸಲಿಲ್ಲ. ಮರಿ ತಾನಾಗಿ ತೇಲಿಬಂತು. ಜಿಂಕೆಯೋ ಮೊಲವೋ, ಚುಕ್ಕೆಯದೋ ಬಿಳಿಯದೋ ಎಂದು ಅವನು ನದೀತೀರದಲ್ಲಿ ನಿಂತು ಪರಾಮರ್ಶಿಸಲಿಲ್ಲ. ಒದಗಿಬಂದ ಜೀವಕ್ಕೆ ಕೈಚಾಚಿದವನ ಮಮತೆಗೇ ಒಂದು ಜನ್ಮದ ಬೆಲೆಯಿರುವಾಗ, ಹಣ ಹಿಡಿದು ಆರಿಸಿ ತಂದವನ ಹೊಣೆ ಎಷ್ಟು ದೊಡ್ಡದಿರಬೇಕು!

ಆರಿಸುವುದರ ಬಗೆಗೆ ನನ್ನಲ್ಲಿರುವ ಈ ಅಳುಕಿಗೆ ಪುರಾಣಕ್ಕಿಂತ ಸಮೀಪದ ಕಾರಣವೊಂದಿದೆ. 1963ರಲ್ಲಿ ನನಗೆ ಹದಿಮೂರು, ನನ್ನ ಅಕ್ಕನಿಗೆ ಹದಿನೇಳು. ಆಗ ನಾವು ಹಲಸೂರಿನಲ್ಲಿದ್ದೆವು. ಅಕ್ಕನಿಗೆ ಸಂಜೆಸಂಜೆಗೆ ಜ್ವರ ಬಂದು, ಎದೆಯಲ್ಲಿ ನೀರು ತುಂಬಿ, ಉಸಿರಿಗೆ ಕಷ್ಟವಾಯಿತು. ಕ್ಷಯವೆಂದು ಎಲ್ಲರಿಗೂ ಅನುಮಾನ, ಹಾಗೆಂದು ಬಾಯಿಬಿಟ್ಟು ಹೇಳಲು ಎಲ್ಲರಿಗೂ ಭಯ, ಮದುವೆಯಾಗಬೇಕಾದ ಹುಡುಗಿ. ಎದೆಯ ನೀರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ರಿಮಿ ಕಾಣಲಿಲ್ಲ. ಅಂಥ ನೀರಿನಲ್ಲಿ ಅವು ಅಷ್ಟು ವಿರಳವಾಗಿರುತ್ತವೆ. ಆಗ ವೈದ್ಯರು ನನ್ನ ತಂದೆಗೆ, ಇದನ್ನು ಗಿನಿಪಿಗ್ಗಿಗೆ ಚುಚ್ಚಿ ನೋಡಬೇಕು, ಆರು ವಾರ ಕಾಯಬೇಕು, ಎಂದರು. ಕ್ಷಯಕ್ಕೆ ಅತ್ಯಂತ ಸುಲಭವಾಗಿ ತುತ್ತಾಗುವ ಪ್ರಾಣಿಯಾದ್ದರಿಂದ, ನಾಲ್ಕಾರು ಕ್ರಿಮಿಗಳಿದ್ದರೂ ಅದರ ಶರೀರದಲ್ಲಿ ಬೆಳೆದು ಕಾಣಿಸಿಕೊಳ್ಳುವುವು. ಆರು ವಾರಗಳ ಮೇಲೆ ಅದನ್ನು ಕೊಯ್ದು ನೋಡುವರು. ಆ ಆರು ವಾರ ನಮ್ಮ ತಾಯಿ ದಿನವೂ ದೇವರ ಮುಂದೆ ಕುಳಿತು, ಆ ಪ್ರಾಣಿಗೆ ಏನೂ ಆಗದಿರಲಪ್ಪ ಎಂದು ಪ್ರಾರ್ಥಿಸುತ್ತಿದ್ದರು. ಅದು ಆರೋಗ್ಯವಾಗಿದ್ದರೆ ಮಗಳಿಗೆ ಕ್ಷಯವಿಲ್ಲವೆಂದು ಅರ್ಥ. ತಾಯಿಯ ಪ್ರಾರ್ಥನೆಯಲ್ಲಿ ಎರಡು ಜೀವಗಳು ಹಾಗೆ ಒಂದಾಗಿ ಹೆಣೆದುಕೊಂಡಿದ್ದುವು. ಅದು ಆರೋಗ್ಯವಾಗಿರಲಿಲ್ಲ. ಅಕ್ಕನಿಗೆ ಸ್ಟ್ರೆಪ್ಟೊಮೈಸಿನ್ ಸೂಜಿ ಮೊದಲಾಯಿತು. ಒಂದೂವರೆ ವರ್ಷದ ಚಿಕಿತ್ಸೆಯ ಮೇಲೆ ಅವಳು ಗುಣವಾದಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು. ಈಗ ಎಂಬತ್ತರ ಹತ್ತಿರ ಬಂದಿದ್ದಾಳೆ. ಆ ಔಷಧವಾದರೂ ಮನುಷ್ಯರ ಮೈ ಸೇರುವುದಕ್ಕೆ ಮುಂಚೆ, 1944ರಲ್ಲಿ, ಅಮೆರಿಕದಲ್ಲಿ ಫೆಲ್ಡ್‌ಮನ್ ಮತ್ತು ಹಿನ್ಷಾ ಎಂಬ ವೈದ್ಯವಿಜ್ಞಾನಿಗಳ ಕೈಯಲ್ಲಿ, ಕ್ಷಯ ತಗುಲಿಸಿದ ಗಿನಿಪಿಗ್ಗುಗಳ ಮೇಲೆಯೇ ಪರೀಕ್ಷಿತವಾಗಿತ್ತೆಂಬುದನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ರೋಗವನ್ನು ಹೇಳಿದ್ದೂ ಅದೇ, ಮದ್ದನ್ನು ತೋರಿಸಿದ್ದೂ ಅದೇ. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೂಲಿಕ್ ಎಂಬವರ ಪ್ರಯೋಗಗಳಲ್ಲಿ ಸ್ಕರ್ವಿ ರೋಗಕ್ಕೆ ತುತ್ತಾಗಿ, ಆ ರೋಗವನ್ನು ಅರಿಯಲು ನೆರವಾದ ಪ್ರಾಣಿಯೂ ಅದೇ. ನಮ್ಮಂತೆ ಅದೂ ಹೊರಗಿನ ಹಸುರನ್ನು ನಂಬಿ ಬದುಕುವ ಜೀವವೆಂಬ ಒಂದೇ ಅಪರಾಧಕ್ಕಾಗಿ.

ಮೊಲದ ಋಣವೂ ನಮ್ಮ ಮೇಲೆ ಕಡಮೆಯಿಲ್ಲ. 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಕೊಟ್ಟ ಮದ್ದು, ಆ ರೋಗದಿಂದ ಸತ್ತ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು. ಆದರೆ ಮೊಲಕ್ಕೆ ನಮ್ಮ ನಾಡಿನಲ್ಲಿ ಒಂದು ಕಥೆಯ ಗೌರವವಾದರೂ ಸಂದಿದೆ. ಜಾತಕಕಥೆಯ ಶಶ, ಅತಿಥಿಗೆ ಕೊಡಲು ತನ್ನಲ್ಲಿ ಹುಲ್ಲಲ್ಲದೆ ಬೇರೇನೂ ಇಲ್ಲವೆಂದು, ತನ್ನ ಶರೀರವನ್ನೇ ಬೆಂಕಿಗೆ ಅರ್ಪಿಸಹೊರಟಿತು. ಬೆಂಕಿಗೆ ಹಾರುವ ಮುನ್ನ, ತನ್ನ ರೋಮಗಳಲ್ಲಿರಬಹುದಾದ ಕ್ರಿಮಿಗಳು ಬೇಯದಿರಲೆಂದು ಮೂರು ಸಲ ಮೈ ಕೊಡವಿತು. ಮಾರುವೇಷದ ಶಕ್ರ ಮೆಚ್ಚಿ ಅದರ ಆಕೃತಿಯನ್ನು ಚಂದ್ರನಲ್ಲಿ ಬರೆದ. ಶಶಿ, ಶಶಾಂಕ, ಶಶಧರ ಎಂದು ನಾವು ಮಕ್ಕಳಿಗೆ ಹೆಸರಿಡುವಾಗಲೆಲ್ಲ ಒಂದು ಮೊಲ ಆ ಹೆಸರಿನೊಳಗೆ ಕುಳಿತಿರುತ್ತದೆ. ಗಿನಿಪಿಗ್ಗಿಗೆ ಚಂದ್ರನಿಲ್ಲ. ಮೊಲ ತಾನಾಗಿ ಕೊಟ್ಟುಕೊಂಡಿತೆಂದು ಕಥೆ ಕಟ್ಟಿದವನೂ ಮನುಷ್ಯನೇ ಎಂಬುದನ್ನು ನಾನು ಮರೆತಿಲ್ಲ. ಕೊಲ್ಲುವವನು ಹೇಳುವ 'ಒಪ್ಪಿಗೆ'ಯ ಕಥೆಯನ್ನು ಸಂಶಯದಿಂದಲೇ ಕೇಳಬೇಕು. ಆದರೂ ಆ ಕಥೆಯನ್ನು ಕಟ್ಟಿದ ಮನಸ್ಸಿಗೆ ತನ್ನ ಊಟದ ಹಿಂದೆ ಒಂದು ಜೀವವಿದೆಯೆಂಬ ನಾಚಿಕೆ ಇತ್ತು. ಯಜ್ಞಪಶುವಿಗೂ ಮಂತ್ರವಿತ್ತು. ಅಕ್ಕನ ಎದೆಯ ನೀರನ್ನು ಮೈಯಲ್ಲಿ ಹೊತ್ತು ಆರು ವಾರ ಬದುಕಿದ ಆ ಪ್ರಾಣಿಗೆ ನಮ್ಮ ತಾಯಿಯ ತಿರುಚಿದ ಪ್ರಾರ್ಥನೆಯೊಂದಲ್ಲದೆ ಬೇರೆ ಮಂತ್ರವಿರಲಿಲ್ಲ. ಆ ಪರೀಕ್ಷೆ ಮಾಡಬಾರದಾಗಿತ್ತೆಂದು ಹೇಳುವಷ್ಟು ಕೃತಘ್ನ ನಾನಲ್ಲ. ನನಗೆ ಅಕ್ಕ ಉಳಿದಳು. ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂಬುದೊಂದು; ಉಣ್ಣುವ ಮುನ್ನ ಪ್ರಾಣಿಗಳಿಗೆಂದು ತುತ್ತನ್ನು ಎತ್ತಿಡುವುದು. ಅದನ್ನು ದಯೆಯೆಂದು ಹೇಳದೆ ಯಜ್ಞವೆಂದು, ಎಂದರೆ ತೀರಿಸಲೇಬೇಕಾದದ್ದೆಂದು, ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮಗುವಿಗೆ ಇದನ್ನೆಲ್ಲ ಹೇಳಲಿಲ್ಲ. ಅಕ್ಕನ ಕಥೆಯನ್ನು ಮಾತ್ರ, ಕೊಯ್ದ ಸಂಗತಿಯನ್ನು ಬಿಟ್ಟು, ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ತಂದ ಪರಿಹಾರ ಎಲ್ಲ ಮಕ್ಕಳಿಗೂ ಹೊಳೆಯುವಂಥದು: "ಹಾಗಾದ್ರೆ ಎರಡನ್ನೂ ತಂದು ಒಂದೇ ಮನೇಲಿ ಇಡೋಣ. ಯಾರಿಗೂ ಬೇಜಾರಿಲ್ಲ." ಆರಿಸುವ ಕ್ಲೇಶದಿಂದ ಪಾರಾಗಲು ನನಗೂ ಅದು ಪ್ರಿಯವಾಗಿಯೇ ಕಂಡಿತು. ಆದರೆ ಪ್ರಕೃತಿ ಅದನ್ನು ಒಪ್ಪುವುದಿಲ್ಲ. ಮೊಲದ ಒಂದು ಒದೆತಕ್ಕೆ ಗಿನಿಪಿಗ್ಗಿನ ಪಕ್ಕೆಲುಬು ಮುರಿಯಬಹುದು. ಅಲ್ಲದೆ ಬಾರ್ಡಟೆಲ್ಲ ಎಂಬ ಒಂದು ಸೂಕ್ಷ್ಮಾಣು ಮೊಲದ ಮೂಗಿನಲ್ಲಿ ಯಾವ ಉಪದ್ರವವನ್ನೂ ಮಾಡದೆ ವಾಸಿಸುತ್ತಿದ್ದು, ಗಿನಿಪಿಗ್ಗಿಗೆ ದಾಟಿದರೆ ಶ್ವಾಸಕೋಶವನ್ನು ಹಿಡಿದು ಕೊಲ್ಲಬಲ್ಲುದು. ಒಬ್ಬರ ಸಹಜವಾದ ಉಸಿರೇ ಇನ್ನೊಬ್ಬರಿಗೆ ಮೃತ್ಯು. ಎಲ್ಲವನ್ನೂ ಪ್ರೀತಿಸುತ್ತೇನೆಂದು ಎಲ್ಲವನ್ನೂ ಒಂದೇ ಗೂಡಿನಲ್ಲಿ ಕೂಡುವಂತಿಲ್ಲವೆಂದು ತಿಳಿದಾಗ ಅವಳ ಮುಖ ಸಪ್ಪಗಾಯಿತು. ಆ ವಯಸ್ಸಿಗೆ ಅದು ಕಠಿನವಾದ ಪಾಠ.

ಹೀಗೆ ನಾವು ಯಾವ ನಿರ್ಣಯಕ್ಕೂ ಬಾರದೆ ತಿಂಗಳು ಕಳೆದಿರಲು, ಡಿಫೆನ್ಸ್ ಕಾಲೊನಿಯ ಒಂದು ಸಂಸಾರ ವಿದೇಶಕ್ಕೆ ಹೊರಟಿದೆಯೆಂದೂ, ಅವರ ಮನೆಯಲ್ಲಿ ಎರಡು ವರ್ಷದ ಎರಡು ಹೆಣ್ಣು ಗಿನಿಪಿಗ್ಗುಗಳಿದ್ದು, ಯಾರೂ ತೆಗೆದುಕೊಳ್ಳದಿದ್ದರೆ ಅವನ್ನು ಮತ್ತೆ ಅಂಗಡಿಗೇ ಕೊಡುವರೆಂದೂ ನಮ್ಮ ಸೊಸೆಗೆ ತಿಳಿದುಬಂತು. ಮಗು ನನ್ನ ಮುಖವನ್ನು ನೋಡಿದಳು. ಗಂಡಕಿಯ ನೀರಿನಲ್ಲಿ ತೇಲಿಬಂದಂತೆ ಅವು ನೂರಡಿ ರಸ್ತೆಯ ವಾಹನಪ್ರವಾಹದಲ್ಲಿ ತೇಲಿಬಂದುವೆಂದು ನಾನು ಭಾವಿಸಿದೆ. ಒಂದಕ್ಕೆ ಜೀರಿಗೆ, ಇನ್ನೊಂದಕ್ಕೆ ಮೆಣಸು ಎಂದು ಅಡಿಗೆಮನೆಯ ಹೆಸರುಗಳನ್ನು ಅವಳೇ ಇಟ್ಟಳು. ಮೊದಲ ದಿನ ಅವನ್ನು ನೋಡಿ "ಥೇಟ್ ಹೆಗ್ಗಣದ ಮರಿ ಇದ್ದ ಹಾಗಿವೆಯಲ್ಲಾ" ಎಂದು ಮೂಗು ಮುರಿದಿದ್ದ ನನ್ನ ಹೆಂಡತಿ, ವಾರ ಕಳೆಯುವುದರೊಳಗೆ ಗಣಪತಿಗೆಂದು ತಂದ ಗರಿಕೆಯಲ್ಲಿ ಇಪ್ಪತ್ತೊಂದು ಎಸಳನ್ನು ದೇವರಿಗೆ ಎಣಿಸಿಟ್ಟು ಉಳಿದದ್ದನ್ನು ಅವುಗಳ ಮುಂದೆ ಹಾಕತೊಡಗಿದಳು. ಬಟವಾಡೆಯ ವಿಷಯದಲ್ಲಿ ದೇವರಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ. ಮಗನ ಓದುವ ಕೋಣೆಯಲ್ಲಿ ಹನ್ನೆರಡು ಚದರಡಿ ನೆಲವನ್ನು ಹಲಗೆ ಕಟ್ಟಿ ಅವಕ್ಕೆ ಬಿಟ್ಟುಕೊಟ್ಟಿದ್ದಾಯಿತು. ಎರಡಕ್ಕೆ ಅದು ಸಾಕು.

ಕಳೆದ ಮಾಘಮಾಸದಲ್ಲಿ ಮೆಣಸು ತೀರಿಹೋಯಿತು. ಈ ಪ್ರಾಣಿಗಳು ನೋವನ್ನು ಕೊನೆಯವರೆಗೂ ಮರೆಮಾಚುವುವು. ತಿನ್ನುವುದನ್ನು ನಿಲ್ಲಿಸಿತೆಂದು ನಾವು ಕಂಡು, ಪಶುವೈದ್ಯರಲ್ಲಿಗೆ ಒಯ್ದಾಗ ಹೊತ್ತು ಮೀರಿತ್ತು. ಜೀರಿಗೆ ಸತ್ತ ಸಂಗಾತಿಯ ಪಕ್ಕದಲ್ಲಿ ಒಂದು ಗಂಟೆ ಕುಳಿತಿತ್ತು. ಆ ಮೇಲೆ ಹಲವು ದಿನ ಫ್ರಿಜ್ಜಿನ ಬಾಗಿಲು ತೆರೆದರೂ ಸಿಳ್ಳು ಹಾಕಲಿಲ್ಲ. ಅದಕ್ಕೊಂದು ಜೊತೆ ಬೇಕು. ಆದರೆ ಜೊತೆಗೆಂದು ಎಳೆಯ ಮರಿಯೊಂದನ್ನು ತಂದರೆ, ಜೀರಿಗೆ ಹೋದ ಮೇಲೆ ಆ ಮರಿ ಒಂಟಿ. ಅದಕ್ಕೆ ಮತ್ತೊಂದು, ಅದರ ಅನಂತರ ಇನ್ನೊಂದು. ಸಂಸಾರವೆಂಬುದನ್ನು ಶಾಸ್ತ್ರಗಳು ಮಾಲೆಗೆ, ಚಕ್ರಕ್ಕೆ ಹೋಲಿಸುವುದನ್ನು ಓದಿದ್ದೆ. ನನ್ನ ಮನೆಯ ಮೂಲೆಯಲ್ಲಿ ಹನ್ನೆರಡು ಚದರಡಿಯಲ್ಲಿ ಅದನ್ನು ಇಷ್ಟು ಸ್ಪಷ್ಟವಾಗಿ ಕಾಣುವೆನೆಂದು ನೆನೆದಿರಲಿಲ್ಲ. ಹನ್ನೆರಡು ವರ್ಷದವಳಾಗಿರುವ ಮೊಮ್ಮಗಳೇ ಈ ಸಲ ಯೋಚಿಸಿ, ಹುಡುಕಿ, ಕೃಷ್ಣರಾಜಪುರದ ಒಂದು ಮನೆಯಲ್ಲಿ ತನ್ನ ಸಂಗಾತಿಯನ್ನು ಕಳೆದುಕೊಂಡ ಐದು ವರ್ಷದ ಇನ್ನೊಂದು ಹೆಣ್ಣು ಇದೆಯೆಂದು ಪತ್ತೆಹಚ್ಚಿದ್ದಾಳೆ. ಎರಡೂ ಮುದುಕಿಯರು, ಹೊಂದಿಕೊಂಡರೆ ಒಟ್ಟಿಗಿರಲಿ, ಹೊಂದದಿದ್ದರೆ ಒಂದರ ವಾಸನೆ ಒಂದಕ್ಕೆ ಬರುವಂತೆ ನಡುವೆ ಜಾಲರಿ ಹಾಕಿ ಇಡೋಣವೆಂದು ಅವಳ ಯೋಜನೆ.

ಅಕ್ಕ ಮೈಸೂರಿನಿಂದ ಬಂದಿದ್ದಾಳೆ. ನಿನ್ನೆ ಮಧ್ಯಾಹ್ನ ಮಗು ಜೀರಿಗೆಯನ್ನು ಟವಲಿನಲ್ಲಿ ಸುತ್ತಿ ತಂದು ಅವಳ ಮಡಿಲಲ್ಲಿ ಇಟ್ಟಳು. ಅಕ್ಕ ಅದನ್ನು ಎರಡು ಕೈಗಳಿಂದಲೂ ಮುಚ್ಚಿ ಹಿಡಿದು, ಏನನ್ನೂ ಮಾತನಾಡದೆ, ಬೆರಳಿನಿಂದ ಅದರ ಕಿವಿಯ ಹಿಂದೆ ನೀವುತ್ತ ಬಹಳ ಹೊತ್ತು ಕುಳಿತಿದ್ದಳು. ಆ ಮೇಲೆ, "ನೆಲ್ಲಿಕಾಯಿ ತಿನ್ನತ್ತೇನೇ ಇದು?" ಎಂದು ಕೇಳಿದಳು. ತಿನ್ನುತ್ತದೆ ದೊಡ್ಡಜ್ಜಿ, ಆದರೆ ಚೂರು ಚೂರೇ ಕೊಡಬೇಕು, ಎಂದು ಮಗು ಹೇಳಿದಳು. ಭಾನುವಾರ ಕೃಷ್ಣರಾಜಪುರಕ್ಕೆ ತಾನೂ ಬರುವೆನೆಂದು ಅಕ್ಕ ಹಟ ಹಿಡಿದಿದ್ದಾಳೆ. ಮೆಟ್ರೊ ಮೆಟ್ಟಿಲುಗಳು ಅವಳ ಮಂಡಿಗೆ ಆಗದಾದ್ದರಿಂದ ಆಟೋ ಹೇಳಬೇಕು.